ಕೊಡಗಿನಲ್ಲಿ ಮನೆ ಕೊಳ್ಳುವವರಿಗೆ: ಮಡಿಕೇರಿಯ ಇಳಿಜಾರೋ, ಕುಶಾಲನಗರದ ಬಡಾವಣೆಯೋ, ವಿರಾಜಪೇಟೆಯ ಹೆಂಚಿನ ಮನೆಯೋ

ನನ್ನ ತಂಗಿಯ ಮಗಳು, ಅವಳ ಗಂಡ ಇಬ್ಬರೂ ಕಳೆದ ಜನವರಿಯಲ್ಲಿ ಮೂರು ಮನೆ ನೋಡಿಕೊಂಡು ನಮ್ಮಲ್ಲಿಗೆ ಬಂದರು. ಒಂದು ಮಡಿಕೇರಿಯಲ್ಲಿ, 4 ಸೆಂಟ್ ಜಾಗದಲ್ಲಿ ಕಟ್ಟಿದ ಎರಡಂತಸ್ತಿನ ತಾರಸಿ ಮನೆ. ಇನ್ನೊಂದು ಕುಶಾಲನಗರದ ಬಡಾವಣೆಯಲ್ಲಿ, 30×40 ನಿವೇಶನದ ಹೊಸ ಮನೆ. ಮೂರನೆಯದು ವಿರಾಜಪೇಟೆಯ ಹೊರಗೆ 15 ಸೆಂಟಿನ ನಡುವೆ ಕೂತ ಹಳೆಯ ಹೆಂಚಿನ ಮನೆ. ಬೆಲೆ ಮೂರಕ್ಕೂ ಹೆಚ್ಚುಕಡಿಮೆ ಒಂದೇ. "ದೊಡ್ಡಮ್ಮ, ನೀವೇ ಹೇಳಿ, ಯಾವುದು ತಗೊಳ್ಳೋದು?" ಎಂದಳು.

ಜುಲೈವರೆಗೆ ಯಾರಿಗೂ ಮುಂಗಡ ಕೊಡಬೇಡ ಎಂದೆ. ಅವಳಿಗೆ ಬೇಸರವಾಯಿತು. ಆದರೆ ಜನವರಿಯಲ್ಲಿ ಕೊಡಗಿನ ಯಾವ ಮನೆ ಚೆಂದ ಕಾಣುವುದಿಲ್ಲ ಹೇಳಿ. ಗೋಡೆ ಒಣಗಿರುತ್ತದೆ, ಹೊಸ ಸುಣ್ಣಬಣ್ಣ ಆಗಿರುತ್ತದೆ, ತೋಟದಲ್ಲಿ ಕಾಫಿ ಕೊಯ್ಲು ನಡೆಯುತ್ತಿರುತ್ತದೆ, ಎಳೆ ಬಿಸಿಲು ಜಗಲಿಯ ತನಕ ಬಂದಿರುತ್ತದೆ. ಇಲ್ಲಿ ಮನೆಯ ನಿಜವಾದ ಗುಣ ಗೊತ್ತಾಗುವುದು ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಎಂಟು ದಿನ ಬಿಡದೆ ಮಳೆ ಹೊಡೆದ ಮೇಲೆ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ದಾರಿ ಹಿಡಿದು ಹೋಗುತ್ತದೆ ಎಂದು ಆಗ ಕಣ್ಣಿಗೇ ಕಾಣುತ್ತದೆ. ಮಡಿಕೇರಿಯಲ್ಲಿ 26 ವರ್ಷ ಸಂಸಾರ ಮಾಡಿ ನಾನು ಕಂಡುಕೊಂಡದ್ದು ಇದನ್ನೇ. ಕೊಡಗಿನಲ್ಲಿ ಮೊದಲು ನೆಲ ನೋಡಬೇಕು, ಆಮೇಲೆ ಅದರ ಮೇಲಿನ ಕಟ್ಟಡ.

ಮಳೆಯ ಲೆಕ್ಕ

ಹೊರಗಿನವರು ಕೊಡಗು ಅಂದರೆ ಎಲ್ಲ ಕಡೆ ಒಂದೇ ಮಳೆ ಎಂದುಕೊಳ್ಳುತ್ತಾರೆ. ತೋಟದವರ ಹಾಗೆ ಇಂಚಿನಲ್ಲಿ ಹೇಳುವುದಾದರೆ ಮಡಿಕೇರಿಗೆ ವರ್ಷಕ್ಕೆ 120 ಇಂಚಿನ ಆಸುಪಾಸು. ಅಲ್ಲಿಂದ ಬರೀ 30 ಕಿ.ಮೀ. ಪೂರ್ವಕ್ಕೆ ಇಳಿದರೆ ಕುಶಾಲನಗರ, ಅಲ್ಲಿ 40 ಇಂಚಿನಷ್ಟು. ಭಾಗಮಂಡಲದ ಕಡೆ ಮಡಿಕೇರಿಯನ್ನೂ ಮೀರಿಸುವ ಮಳೆ. ಎತ್ತರದಲ್ಲಿಯೂ ಹಾಗೆಯೇ: ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿದೆ, ಕುಶಾಲನಗರ 830 ಮೀಟರಿನ ಹತ್ತಿರ. ಒಂದು ಗಂಟೆಯ ಬಸ್ ಪ್ರಯಾಣದಲ್ಲಿ ಹವೆ, ಮಣ್ಣು, ಒಗೆದ ಬಟ್ಟೆ ಒಣಗುವ ಹೊತ್ತು ಎಲ್ಲವೂ ಬದಲಾಗುತ್ತದೆ. ಹಾಗಾಗಿ ಈ ಮೂರು ಮನೆಗಳನ್ನು ಒಂದೇ ಅಳತೆಗೋಲಿನಲ್ಲಿ ಅಳೆಯಲು ಹೋಗಬೇಡಿ. ಮಡಿಕೇರಿಯಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ, ಕುಶಾಲನಗರದಲ್ಲಿ ಕೇಳಬೇಕಾದದ್ದೇ ಬೇರೆ.

ಮಡಿಕೇರಿ: ಮನೆಯ ಹಿಂದಿನ ಬರೆ

ಮಡಿಕೇರಿಯಲ್ಲಿ ಮಟ್ಟಸ ಜಾಗ ಅಂತ ಇರುವುದೇ ಕಡಿಮೆ. ಹಳೆಯ ಬೀದಿಗಳಾದ ಮಹದೇವಪೇಟೆ, ಗೌಳಿಬೀದಿ, ಗಣಪತಿ ಬೀದಿಯ ಕಡೆ ಮನೆಗಳು ಒತ್ತೊತ್ತಾಗಿದ್ದರೂ ಕಾಲ ಕಂಡ ನೆಲದ ಮೇಲಿವೆ. ಆಮೇಲೆ ಊರು ಬೆಳೆದದ್ದು ಗುಡ್ಡದ ಮೈಮೇಲೆ. ಗುಡ್ಡ ಕಡಿದು ಮಟ್ಟ ಮಾಡಿ, ಮುಂದೆ ಮನೆ, ಹಿಂದೆ ಕಡಿದ ಗುಡ್ಡದ ನೆಟ್ಟಗೆ ನಿಂತ ಮಣ್ಣಿನ ಮೈ. ಅದನ್ನೇ ಇಲ್ಲಿ ಬರೆ ಎನ್ನುತ್ತೇವೆ. ಮಳೆಗಾಲದಲ್ಲಿ ಇಲ್ಲಿಯ ಪತ್ರಿಕೆಗಳಲ್ಲಿ 'ಬರೆ ಕುಸಿತ' ಎಂಬ ಎರಡು ಪದ ಇಲ್ಲದ ವಾರ ಅಪರೂಪ.

2018ರ ಆಗಸ್ಟ್ ನಡುವಿನ ಆ ದಿನಗಳನ್ನು ಇಲ್ಲಿಯವರು ಯಾರೂ ಮರೆತಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಜೋಡುಪಾಲ ಕಡೆ ಗುಡ್ಡಗಳೇ ಜಾರಿ ಬಂದವು. ಪಟ್ಟಣದೊಳಗೂ ಇಂದಿರಾನಗರ, ಚಾಮುಂಡೇಶ್ವರಿನಗರದ ಇಳಿಜಾರಿನಲ್ಲಿ ಮನೆಗಳು ಬಿದ್ದವು. ಆಮೇಲೆ ಅಧ್ಯಯನ ಮಾಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಅತಿಯಾದ ಮಳೆಯ ಜೊತೆಗೆ ರಸ್ತೆಗೂ ಕಟ್ಟಡಗಳಿಗೂ ಇಳಿಜಾರನ್ನು ಕಡಿದದ್ದೇ ದೊಡ್ಡ ಕಾರಣ ಎಂದು ಹೇಳಿತು. ಅದು ಹೀಗೆ: ಮಣ್ಣಿಗೆ ನೀರು ಇಳಿದಷ್ಟೂ ಗುಡ್ಡದ ಭಾರ ಹೆಚ್ಚುತ್ತದೆ, ಮಣ್ಣಿನ ಕಣಗಳ ಹಿಡಿತ ಸಡಿಲವಾಗುತ್ತದೆ. ಕೆಳಗಡೆ ಅದನ್ನು ತಡೆದು ನಿಲ್ಲಿಸಿದ್ದ ಪಾದವನ್ನು ನಾವು ಮನೆಗೋಸ್ಕರ ಕಡಿದು ಹಾಕಿರುತ್ತೇವೆ.

ಆ ವರ್ಷ ನಾವಿದ್ದದ್ದು ಬಾಡಿಗೆ ಮನೆಯಲ್ಲಿ. ಅಡುಗೆಮನೆಯ ಹಿಂದೆ ಆಳೆತ್ತರಕ್ಕೂ ಮೇಲೆ ಬರೆ, ಅದಕ್ಕೆ ಆತುಕೊಂಡು ಹೊಸ ತಡೆಗೋಡೆ. ಕಲ್ಲಿನ ಗೋಡೆ, ನೋಡಲು ಗಟ್ಟಿಮುಟ್ಟು, ಅದೇ ಧೈರ್ಯದಲ್ಲಿ ನಾವಿದ್ದೆವು. ಆದರೆ ಕಟ್ಟಿದವರು ನೀರು ಹೊರಗೆ ಬರಲು ಒಂದು ಕಿಂಡಿಯನ್ನೂ ಬಿಟ್ಟಿರಲಿಲ್ಲ. ಗೋಡೆಯ ಹಿಂದೆ ನೀರು ತುಂಬಿ ಅದು ಬಸುರಿಯ ಹೊಟ್ಟೆಯ ಹಾಗೆ ಮುಂದಕ್ಕೆ ಉಬ್ಬಿತು. ಒಂದು ಬೆಳಗ್ಗೆ ಅಡುಗೆಮನೆಯ ನೆಲದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡೆ. ನಾನೂ ನಮ್ಮವರೂ ಅಂದೇ ಮಧ್ಯಾಹ್ನ ಹಾಸಿಗೆ, ದಾಖಲೆಪತ್ರ ಇಷ್ಟನ್ನೇ ಕಟ್ಟಿಕೊಂಡು ಹೊರಟೆವು. ಮಾರನೆಯ ರಾತ್ರಿ ಗೋಡೆ ಒಳಗೆ ಬಂತು, ಒಲೆಕಟ್ಟೆಯ ಮೇಲೆ ಸೊಂಟದೆತ್ತರ ಕೆಂಪು ಮಣ್ಣು. ಯಾರಿಗೂ ಏನೂ ಆಗಲಿಲ್ಲ. ಆ ಬಿರುಕು ನನ್ನ ಕಣ್ಣಿಗೆ ಬಿದ್ದದ್ದು ನಮ್ಮ ಪುಣ್ಯ.

ಅದಕ್ಕೇ ಮಡಿಕೇರಿಯಲ್ಲಿ ಮನೆ ನೋಡುವವರಿಗೆ ಹೇಳುತ್ತೇನೆ, ಮುಂಬಾಗಿಲಿನಿಂದ ಒಳಗೆ ಹೋಗುವ ಮೊದಲು ಹಿತ್ತಲಿಗೆ ಹೋಗಿ. ಬರೆಯ ಎತ್ತರ ಎಷ್ಟಿದೆಯೋ ಅಷ್ಟಾದರೂ ದೂರದಲ್ಲಿ ಮನೆಯ ಗೋಡೆ ಇರಬೇಕು, ಇದು ನಾನು ಇಟ್ಟುಕೊಂಡ ಲೆಕ್ಕ. ತಡೆಗೋಡೆ ಇದ್ದರೆ ಅದರಲ್ಲಿ ನೀರಿನ ಕಿಂಡಿಗಳು ಇವೆಯೇ ನೋಡಿ. ಮಳೆ ಬರುವಾಗ ಕಿಂಡಿಯಲ್ಲಿ ತಿಳಿನೀರು ತೊಟ್ಟಿಕ್ಕುತ್ತಿದ್ದರೆ ಒಳ್ಳೆಯದು, ಕೆಸರು ನೀರು ಬರುತ್ತಿದ್ದರೆ ಒಳಗೆ ಮಣ್ಣು ಕರಗುತ್ತಿದೆ ಎಂದರ್ಥ. ಬರೆಯ ಮೇಲಿನ ಮರಗಳು, ವಿದ್ಯುತ್ ಕಂಬಗಳು ಒಂದೇ ಕಡೆಗೆ ವಾಲಿದ್ದರೆ ಆ ಮನೆ ಬೇಡ. ಮೇಲಿನ ಮನೆಯವರ ಚರಂಡಿ, ಬಚ್ಚಲು ನೀರು, ಶೌಚದ ಗುಂಡಿ ಎಲ್ಲಿದೆ ಕೇಳಿ. ನಿಮ್ಮ ಬರೆ ಎಷ್ಟು ಭದ್ರ ಎಂಬುದು ಅವರ ನೀರು ಎಲ್ಲಿ ಇಂಗುತ್ತದೆ ಎನ್ನುವುದರ ಮೇಲೆ ನಿಂತಿದೆ. ಬಯಲುಸೀಮೆಯಲ್ಲಿ ಇಂಗುಗುಂಡಿ ತೋಡುವುದು ಪುಣ್ಯದ ಕೆಲಸ. ಕಡಿದ ಬರೆಯ ನೆತ್ತಿಯಲ್ಲಿ ಅದನ್ನೇ ತೋಡಿದರೆ ಅಪಾಯ.

ಇಷ್ಟು ಹೇಳಿದ ಮೇಲೂ ನಾನು ಮಡಿಕೇರಿ ಬಿಟ್ಟಿಲ್ಲ. ಸಂಜೆ ಮಂಜು ಇಳಿಯುವುದು, ಮಕ್ಕಳು ಶಾಲೆಗೆ ನಡೆದೇ ಹೋಗುವುದು, ಶುಕ್ರವಾರದ ಸಂತೆ, ಜಿಲ್ಲಾ ಆಸ್ಪತ್ರೆ, ಕಚೇರಿಗಳು, ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕಾಲೇಜು ಎಲ್ಲವೂ ಕಾಲ್ನಡಿಗೆಯಲ್ಲಿ ಸಿಗುವುದು ಇಲ್ಲಿ ಮಾತ್ರ. ದಸರೆಯ ರಾತ್ರಿ ಹತ್ತು ದೇವಸ್ಥಾನಗಳ ಮಂಟಪಗಳು ಮೆರವಣಿಗೆ ಹೊರಟಾಗ ಊರಿಗೆ ಊರೇ ಬೀದಿಯಲ್ಲಿರುತ್ತದೆ. ಅದನ್ನು ನೋಡಲು ನಮ್ಮ ಮನೆಗೆ ನೆಂಟರು ತುಂಬಿಕೊಳ್ಳುತ್ತಾರೆ. ತೊಂದರೆ ಇಲ್ಲವೆಂದಲ್ಲ. ಶನಿವಾರ, ಭಾನುವಾರ ರಾಜಾಸೀಟ್ ಸುತ್ತಲಿನ ರಸ್ತೆಗಳು ಪ್ರವಾಸಿಗರ ಗಾಡಿಗಳಿಂದ ಕಟ್ಟಿಹೋಗುತ್ತವೆ. ಪಕ್ಕದ ಮನೆ ಹೋಂಸ್ಟೇ ಆಗಿದ್ದರೆ ರಾತ್ರಿ ಹನ್ನೊಂದಕ್ಕೂ ನಿಮ್ಮ ಗೇಟಿನ ಮುಂದೆ ಅಪರಿಚಿತರ ಕಾರು. ಬೇಸಿಗೆಯಲ್ಲಿ ಕೂಟುಹೊಳೆಯ ನೀರು ನಿಮ್ಮ ಬೀದಿಗೆ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಮಾರುವವರ ಬದಲು ಎದುರುಮನೆಯವರನ್ನು ಕೇಳಿ. ಮೆಟ್ಟಿಲುಗಳನ್ನೂ ಎಣಿಸಿ. ನನ್ನ ಗೆಳತಿಯೊಬ್ಬರಿಗೆ ಅವರ ಸೊಸೆ ತೋರಿಸಿದ ಮನೆಗೆ ರಸ್ತೆಯಿಂದ 41 ಮೆಟ್ಟಿಲು ಇಳಿಯಬೇಕಿತ್ತು, ಅದೇ ಕಾರಣಕ್ಕೆ ಅವರು ಮುಂಗಡ ವಾಪಸ್ ಪಡೆದರು. ಗ್ಯಾಸ್ ಸಿಲಿಂಡರ್ ಹೊರುವವರೂ, ಮುಂದೊಂದು ದಿನ ನಿಮ್ಮನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋಗುವವರೂ ಅದೇ ಮೆಟ್ಟಿಲು ಹತ್ತಬೇಕು.

ತೇವದ ಮಾತು ಇಲ್ಲಿಯೇ ಮುಗಿಸುತ್ತೇನೆ. ತಾರಸಿ ಮನೆಯಾದರೆ ಮೇಲೆ ಶೀಟ್ ಹೊದಿಸಿರಬೇಕು, ಇಲ್ಲದಿದ್ದರೆ ಎರಡು ಮಳೆಗಾಲದಲ್ಲಿ ಚಾವಣಿ ಸೋರುತ್ತದೆ. ಆ ಶೀಟಿನ ಕೆಳಗಿನ ಜಾಗವೇ ಮೂರು ತಿಂಗಳು ಬಟ್ಟೆ ಒಣಗುವ ಜಾಗ. ಗಾಳಿ ಮಳೆ ಬೀಸುವುದು ಪಶ್ಚಿಮ, ನೈಋತ್ಯದಿಂದ. ಆ ಕಡೆಗೆ ದೊಡ್ಡ ಕಿಟಕಿ ಇದ್ದು ಸೂರು ಗಿಡ್ಡವಾಗಿದ್ದರೆ ಎರಚಲು ನೇರ ಒಳಗೆ. ಬರೆಯ ಕಡೆಗಿರುವ ಗೋಡೆಗೆ ಬೀರು ಆನಿಸಿಟ್ಟಿದ್ದರೆ ಅದನ್ನು ಸರಿಸಿ ಹಿಂದೆ ನೋಡಿ. ಬೂಷ್ಟು ಇದ್ದರೆ ಅದು ಎಲ್ಲ ಹೇಳುತ್ತದೆ.

ಕುಶಾಲನಗರ: ಮಟ್ಟಸ ನೆಲ, ಪಕ್ಕದಲ್ಲಿ ಕಾವೇರಿ

ಹಳಬರು ಫ್ರೇಜರ್‌ಪೇಟೆ ಎನ್ನುತ್ತಿದ್ದ ಈ ಊರು ಈಗ ತಾಲ್ಲೂಕು ಕೇಂದ್ರ. ಇಲ್ಲಿ ಬರೆಯ ಭಯ ಇಲ್ಲ. ನೇರ ರಸ್ತೆ, ಅಂಗಳದಲ್ಲಿ ಬಿಸಿಲು, ಕಾರು ನಿಲ್ಲಿಸಲು ಜಾಗ, ಆಟೋ ಬಾಗಿಲಿಗೇ ಬರುತ್ತದೆ. ಮೈಸೂರಿಗೆ ಎರಡು ಗಂಟೆಯೊಳಗೆ ತಲುಪಬಹುದು. ದೊಡ್ಡ ಕಾಯಿಲೆ ಬಂದರೆ ಕೊಡಗಿನವರು ಕೊನೆಗೆ ಹೋಗುವುದು ಮೈಸೂರಿಗೋ ಮಂಗಳೂರಿಗೋ ತಾನೇ. 2018ರಲ್ಲಿ ಸಂಪಾಜೆ ಘಾಟಿ ಕುಸಿದು ಮಂಗಳೂರಿನ ದಾರಿ ತಿಂಗಳುಗಟ್ಟಲೆ ಸರಿಯಾಗಿ ತೆರೆಯಲಿಲ್ಲ. ಹೃದಯದ ತೊಂದರೆ, ಉಬ್ಬಸ ಇರುವ ಹಿರಿಯರು ಮನೆಯಲ್ಲಿದ್ದರೆ ಈ ಒಂದು ಮಾತಿಗೆ ನಾನು ಬಹಳ ತೂಕ ಕೊಡುತ್ತೇನೆ.

ಅಳತೆಯ ವಿಷಯದಲ್ಲಿ ಮಾತ್ರ ಹುಷಾರು. ಮಡಿಕೇರಿ, ವಿರಾಜಪೇಟೆಯಲ್ಲಿ ಸೆಂಟಿನ ಲೆಕ್ಕ, ಕುಶಾಲನಗರದ ಬಡಾವಣೆಗಳಲ್ಲಿ ಅಡಿಯ ಲೆಕ್ಕ. ಒಂದು ಸೆಂಟ್ ಎಂದರೆ 435.6 ಚದರ ಅಡಿ. 30×40 ನಿವೇಶನ 1,200 ಚದರ ಅಡಿ, ಅಂದರೆ ಎರಡೂ ಮುಕ್ಕಾಲು ಸೆಂಟ್. ವಿರಾಜಪೇಟೆಯ 15 ಸೆಂಟ್ ಎಂದರೆ ಅಂಥ ಐದು ನಿವೇಶನಕ್ಕಿಂತ ಹೆಚ್ಚು. ನಮ್ಮ ಹುಡುಗಿ ಇದನ್ನು ಲೆಕ್ಕ ಹಾಕಿಯೇ ಇರಲಿಲ್ಲ.

ಇನ್ನು ನದಿ. 2018ರಲ್ಲೂ 2019ರಲ್ಲೂ ಸಾಯಿ ಬಡಾವಣೆ, ಕುವೆಂಪು ಬಡಾವಣೆಯ ಮನೆಗಳೊಳಗೆ ಕಾವೇರಿ ನುಗ್ಗಿತು. ಹೊಸಬರಿಗೆ ಆಶ್ಚರ್ಯವಾಗುವುದು ಏನೆಂದರೆ ಅಂಥ ದಿನ ಕುಶಾಲನಗರದಲ್ಲಿ ಅಷ್ಟೊಂದು ಮಳೆಯೇ ಇರದಿರಬಹುದು. ಮಳೆ ಸುರಿದಿರುವುದು ತಲಕಾವೇರಿ, ಭಾಗಮಂಡಲ, ನಾಪೋಕ್ಲು ಕಡೆ. ಆ ನೀರೆಲ್ಲ ಸಿದ್ದಾಪುರ, ನೆಲ್ಲಿಹುದಿಕೇರಿ ದಾಟಿ ಇಲ್ಲಿಗೆ ಬರುತ್ತದೆ. ಹೊರಗೆ ಹನಿ ಮಳೆ, ಹಿತ್ತಲಲ್ಲಿ ಏರುತ್ತಿರುವ ಹೊಳೆ. ಆದ್ದರಿಂದ ಇಲ್ಲಿ ಮನೆ ಕೊಳ್ಳುವವರು ಆಕಾಶ ನೋಡಿ ಪ್ರಯೋಜನವಿಲ್ಲ, ಆ ಬೀದಿಯ ಹಳೆಯ ಗೋಡೆಗಳನ್ನು ನೋಡಬೇಕು. ನೆರೆ ಇಳಿದ ಮೇಲೆ ಉಳಿದ ಕಂದು ಗೆರೆ ಬಣ್ಣದ ಕೆಳಗೂ ಇಣುಕುತ್ತದೆ. 'ಯಾವ ವರ್ಷ ಎಷ್ಟನೇ ಮೆಟ್ಟಿಲವರೆಗೆ ಬಂತು' ಎಂದು ಕೇಳಿ. 'ಇಲ್ಲಿಗೆ ನೀರು ಬರುವುದಿಲ್ಲ' ಎಂಬ ಉತ್ತರ ಸಾಲದು, ಪಕ್ಕದ ಬೀದಿಗೆ ಬಂದಿತ್ತೇ ಎಂದೂ ಕೇಳಿ. ಹೊಳೆಯಿಂದ ದೂರ ಮುಖ್ಯವಲ್ಲ, ಎತ್ತರ ಮುಖ್ಯ. ಮೊದಲು ಗದ್ದೆಯಾಗಿದ್ದ ಜಾಗಕ್ಕೆ ಮಣ್ಣು ತುಂಬಿಸಿ ಬಡಾವಣೆ ಮಾಡಿದ್ದರೆ ಅಡಿಪಾಯ ಎಷ್ಟು ಆಳಕ್ಕೆ ಹೋಗಿದೆ ಎಂದು ತಿಳಿದುಕೊಳ್ಳಬೇಕು. ಗದ್ದೆಯೆಂದರೆ ನೀರು ತಾನಾಗಿ ಬಂದು ನಿಲ್ಲುವ ಜಾಗ.

ಏಪ್ರಿಲ್ ತಿಂಗಳಲ್ಲಿ ಸೆಕೆ. ಮಡಿಕೇರಿಯಲ್ಲಿ ಫ್ಯಾನಿಲ್ಲದೆ ಬದುಕಿದವರಿಗೆ ಕಷ್ಟ. ಕೊಳವೆಬಾವಿಯ ನೀರನ್ನು ನಂಬಿದ ಮನೆಯಾದರೆ ಬೇಸಿಗೆಯಲ್ಲೂ ಒಮ್ಮೆ ನೋಡಿ ಬನ್ನಿ. ನೆರೆಹೊರೆ ಹೊಸದು, ಎಲ್ಲರೂ ಎಲ್ಲಿಂದಲೋ ಬಂದವರು: ನಿವೃತ್ತ ಸೈನಿಕರು, ಶಿಕ್ಷಕರು, ತೋಟ ಮಾರಿ ಬಂದವರು, 2018ರ ನಂತರ ಗುಡ್ಡ ಬಿಟ್ಟು ಇಳಿದವರು. ಒಬ್ಬರಿಗೊಬ್ಬರು ಪರಿಚಯವಾಗಲು ವರ್ಷ ಬೇಕು. ಆದರೆ ಹೊಸಬರನ್ನು ಹೊಸಬರೆಂದು ದೂರ ಇಡುವುದೂ ಇಲ್ಲ.

ವಿರಾಜಪೇಟೆ: ಹೆಂಚು, ಬಾವಿ, ಜಗಲಿ

ಮೂರರಲ್ಲಿ ನನ್ನ ಮನಸ್ಸು ಸೋತದ್ದು ಈ ಮನೆಗೆ. ಕಾವಿ ನೆಲ, ದಪ್ಪ ಮಣ್ಣಿನ ಗೋಡೆ, ಮೂರಡಿ ಹೊರಚಾಚಿದ ಸೂರು, ಬಾವಿಯಲ್ಲಿ ಕೈಗೆಟುಕುವ ನೀರು, ಹಿತ್ತಲಲ್ಲಿ ಎರಡು ಕಿತ್ತಳೆ ಗಿಡ, ಬಚ್ಚಲಲ್ಲಿ ಹಂಡೆ ಒಲೆ. ಮಳೆಯ ಸೀಮೆಗೆ ನಮ್ಮ ಹಿರಿಯರು ಕಂಡುಕೊಂಡ ಮನೆ ಇದು. ನೀರು ನಿಲ್ಲದೆ ಜಾರುವ ಮಾಡು, ಗೋಡೆಗೆ ಎರಚಲು ತಾಗದ ಸೂರು. ಗುಡ್ಡ ಕಡಿಯದೆ, ಇದ್ದ ಮಟ್ಟಸದಲ್ಲಿ ಕೂರಿಸಿದ್ದಾರೆ. ಅದಕ್ಕೇ ಎಷ್ಟೋ ಮಳೆಗಾಲ ದಾಟಿ ನಿಂತಿದೆ.

ಆದರೆ ಹೆಂಚಿನ ಮನೆಯನ್ನು ಕೊಂಡರೆ ಮುಗಿಯಲಿಲ್ಲ, ಸಾಕಬೇಕು. ಪ್ರತಿ ಮೇ ತಿಂಗಳು ಹೆಂಚು ಕೈಯಾಡಿಸಬೇಕು, ಒಡೆದದ್ದನ್ನು ಬದಲಿಸಬೇಕು, ಮಾಡಿನ ಮರಗಳಾದ ಪಕ್ಕಾಸು, ರೀಪುಗಳಿಗೆ ಗೆದ್ದಲು ಹಿಡಿದಿದೆಯೇ ಎಂದು ಚಾಕುವಿನ ಮೊನೆಯಿಂದ ಚುಚ್ಚಿ ನೋಡಬೇಕು. ಮಾಡಿನ ಮೇಲೆ ಹತ್ತಿ ಆ ಕೆಲಸ ಬಲ್ಲವರು ಈಗ ಸುಲಭಕ್ಕೆ ಸಿಗುವುದಿಲ್ಲ. ಸಾಲ ಮಾಡಿ ಕೊಳ್ಳುವುದಾದರೆ ಬ್ಯಾಂಕಿನವರು ಕಟ್ಟಡದ ವಯಸ್ಸು ನೋಡುತ್ತಾರೆ, ಜಾಗಕ್ಕಷ್ಟೇ ಬೆಲೆ ಕಟ್ಟಿ ಮನೆಗೆ ಏನೂ ಕಟ್ಟದಿರಬಹುದು. ಗಂಡ ಹೆಂಡತಿ ಇಬ್ಬರೂ ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟು ಸಂಜೆ ಬರುವವರಾದರೆ ಇಂಥ ಮನೆ ಸೊರಗುತ್ತದೆ. ಒಳಗೆ ಒಲೆ ಉರಿಯಬೇಕು, ಕಿಟಕಿ ತೆರೆಯಬೇಕು, ಯಾರಾದರೂ ಹಗಲು ಹೊತ್ತು ಇರಬೇಕು.

ವಿರಾಜಪೇಟೆಯೂ ಪೂರ್ತಿ ಸುರಕ್ಷಿತ ಎಂದು ಹೇಳಲಾರೆ. 2019ರಲ್ಲಿ ಅದೇ ತಾಲ್ಲೂಕಿನ ತೋರದಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಪಟ್ಟಣದ ಮಲೆತಿರಿಕೆ ಬೆಟ್ಟದಲ್ಲಿ ಬಿರುಕು ಕಂಡು ಜನರನ್ನು ಸ್ಥಳಾಂತರಿಸಿದರು. ಬೆಟ್ಟದ ಮಗ್ಗುಲು ಬಿಟ್ಟು ನೋಡಿದರೆ ಊರು ನಡುಮಟ್ಟದ್ದು: ಮಡಿಕೇರಿಯಷ್ಟು ಚಳಿಯಿಲ್ಲ, ಕುಶಾಲನಗರದಷ್ಟು ಸೆಕೆಯಿಲ್ಲ, ಪ್ರವಾಸಿಗರ ಗದ್ದಲ ಕಡಿಮೆ. ಬುಧವಾರದ ಸಂತೆಯಲ್ಲಿ ಒಂದೇ ಅಂಗಡಿಯ ಮುಂದೆ ಕೊಡವ ತಕ್ಕ್, ಮಲಯಾಳ, ಕನ್ನಡ, ಅರೆಭಾಷೆ ನಾಲ್ಕೂ ಕೇಳುತ್ತವೆ. ಗಣೇಶನ ಹಬ್ಬವನ್ನು ಇಲ್ಲಿ ಮಾಡುವ ಹಾಗೆ ಕೊಡಗಿನ ಬೇರೆಡೆ ಮಾಡುವುದಿಲ್ಲ. ಮಾಕುಟ್ಟ ಘಾಟಿ ಇಳಿದರೆ ಕೇರಳ, 2018ರ ಡಿಸೆಂಬರಿನಲ್ಲಿ ಶುರುವಾದ ಕಣ್ಣೂರು ವಿಮಾನ ನಿಲ್ದಾಣ. ಮಗ ದುಬೈಯಲ್ಲಿದ್ದಾನೆ ಎನ್ನುವವರಿಗೆ ಇದು ದೊಡ್ಡ ಅನುಕೂಲ, ಘಾಟಿ ತೆರೆದಿದ್ದರೆ.

ಊರಿನಿಂದ ಇನ್ನಷ್ಟು ಹೊರಗೆ, ಅಮ್ಮತ್ತಿ, ಪಾಲಿಬೆಟ್ಟ, ಸಿದ್ದಾಪುರ, ಮಾಲ್ದಾರೆ ಕಡೆ ಅಗ್ಗಕ್ಕೆ ದೊಡ್ಡ ಜಾಗ ಸಿಗುತ್ತದೆ. ಅಲ್ಲಿ ಮೊದಲ ಪ್ರಶ್ನೆ ಆನೆ. ತೋಟದೊಳಗೇ ಬೀಡುಬಿಟ್ಟ ಹಿಂಡುಗಳಿವೆ. ಬೆಳಗಿನ ಹೊತ್ತು ಶಾಲೆಗೆ ಹೋಗುವ ಮಗು ಎಷ್ಟು ದೂರ ನಡೆಯಬೇಕು, ಸಂಜೆ ಆರರ ಮೇಲೆ ಆ ದಾರಿಯಲ್ಲಿ ಸ್ಕೂಟರ್ ಓಡಿಸಬಹುದೇ ಎಂದು ಅಲ್ಲಿಯ ಲೈನ್ ಮನೆಗಳಲ್ಲಿರುವ ತೋಟದ ಕೆಲಸಗಾರರನ್ನೇ ಕೇಳಿ. ಅವರಿಗಿಂತ ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಮರ ಬಿದ್ದು ಕರೆಂಟು ಹೋದರೆ ಅಂಥ ಕಡೆ ಮೂರು ನಾಲ್ಕು ದಿನ ಬಾರದಿರುವುದೂ ಉಂಟು.

ಕಾಗದಪತ್ರ

ಕೊಡಗಿನ ಭೂಮಿಯ ಕಾಗದ ಬಯಲುಸೀಮೆಯ ವಕೀಲರಿಗೂ ತಲೆ ತಿನ್ನುತ್ತದೆ, ಹಾಗಾಗಿ ಇಲ್ಲಿಯ ವಕೀಲರನ್ನೇ ಹಿಡಿಯಿರಿ. ಜಾಗ ಜಮ್ಮಾ ಬಾಣೆಯೋ (ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದದ್ದು), ಸಾಗು ಜಮೀನೋ (ಪೂರ್ತಿ ಕಂದಾಯ ಕಟ್ಟುವಂಥದ್ದು), ಪೈಸಾರಿಯೋ (ಸರ್ಕಾರಿ ಜಾಗ) ಎಂಬುದು ಮೊದಲ ಪ್ರಶ್ನೆ. ಜಮ್ಮಾ ಜಾಗದ ಪಹಣಿಯಲ್ಲಿ ಪಟ್ಟೆದಾರರ ಹೆಸರಿರುತ್ತದೆ, ಹಕ್ಕು ಒಕ್ಕದ, ಅಂದರೆ ಆ ಮನೆತನದ, ಎಷ್ಟೋ ಜನರದ್ದು. ಒಬ್ಬರು ಸಹಿ ಹಾಕಿದರೆಂದು ನಂಬಿ ಹಣ ಕೊಡಬೇಡಿ. ತೋಟದ ಅಂಚನ್ನು ತುಂಡು ಮಾಡಿ ಮಾರುವವರಿದ್ದರೆ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಭೂಪರಿವರ್ತನೆ ಆಗಿದೆಯೇ, ಬಡಾವಣೆಯ ನಕ್ಷೆಗೆ ಮಂಜೂರಾತಿ ಇದೆಯೇ, ಇ-ಖಾತೆ ಇದೆಯೇ ನೋಡಿ. ಪಂಚಾಯಿತಿ ವ್ಯಾಪ್ತಿಯದ್ದಾದರೆ ಅಲ್ಲಿಯ ಆಸ್ತಿ ದಾಖಲೆಗಳಾದ ಫಾರಂ 9 ಮತ್ತು 11 ಕೇಳಿ ಪಡೆಯಿರಿ. ಹಿತ್ತಲಿನ ಬೀಟೆ ಮರ ತೋರಿಸಿ ಬೆಲೆ ಏರಿಸಿದರೆ ಒಪ್ಪಬೇಡಿ. ಅದನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಮರದ ಹಕ್ಕು ನಿಮ್ಮದೇ ಎನ್ನಲೂ ಆಗದು.

ನಾವು ಕೊನೆಗೆ ಮಾಡಿದ್ದು

ಜುಲೈ ಮೂರನೇ ವಾರ ಮೂವರೂ ಕೊಡೆ ಹಿಡಿದು ಹೊರಟೆವು. ಮಡಿಕೇರಿಯ ಮನೆಯ ಹಿಂದೆ ಕಿಂಡಿಯಿಂದ ಚಹಾದ ಬಣ್ಣದ ನೀರು ಬರುತ್ತಿತ್ತು. ಅಳಿಯಂದಿರು ಏನೂ ಹೇಳದೆ ನನ್ನ ಮುಖ ನೋಡಿದರು. ನಾವು ಅಲ್ಲಿ ಐದು ನಿಮಿಷವೂ ನಿಲ್ಲಲಿಲ್ಲ. ವಿರಾಜಪೇಟೆಯ ಮನೆ ಆ ಮಳೆಯಲ್ಲೂ ಒಳಗೆ ಬೆಚ್ಚಗಿತ್ತು, ಒಂದು ಹನಿ ಸೋರಿರಲಿಲ್ಲ. ಅದನ್ನು ಬಿಡುವುದು ನನಗೆ ಕಷ್ಟವಾಯಿತು. ಆದರೆ ನಮ್ಮ ಹುಡುಗಿ ಪಾಠ ಮಾಡುವುದು ಕುಶಾಲನಗರದ ಪಕ್ಕದ ಕೂಡಿಗೆಯ ಹತ್ತಿರ, ಅಳಿಯಂದಿರು ವಾರಕ್ಕೆ ಎರಡು ದಿನ ಮೈಸೂರಿಗೆ ಹೋಗಬೇಕು, ಅವರ ತಾಯಿಗೆ ಉಬ್ಬಸ. ಹಂಡೆ ಒಲೆಯ ಹೊಗೆಯೂ, ಗೋಡೆಯ ತಂಪೂ ಆ ಹಿರಿಯರಿಗೆ ಆಗಿಬರುವುದಿಲ್ಲ. ಉಳಿದದ್ದು ಕುಶಾಲನಗರ.

ಜನವರಿಯಲ್ಲಿ ನೋಡಿದ್ದ ಮನೆಯ ಪಕ್ಕದ ಅಜ್ಜಿ ಗೇಟಿನವರೆಗೆ ಬಂದು, ಕಾಂಪೌಂಡ್ ಕಂಬದ ಮೇಲೆ ಕೈಯಿಟ್ಟು "ಹತ್ತೊಂಬತ್ತನೇ ಇಸವೀಲಿ ಇಲ್ಲೀವರೆಗೆ ಬಂದಿತ್ತಮ್ಮ" ಎಂದರು. ಅವರ ಎದೆಯೆತ್ತರ. ಅಲ್ಲಿಂದ ಎರಡು ಬೀದಿ ಮೇಲಕ್ಕೆ, ಇನ್ನೊಂದು ಮನೆ ಮಾರಾಟಕ್ಕಿದೆ ಎಂದು ತೋರಿಸಿದವರೂ ಅವರೇ. ಅಡುಗೆಮನೆ ಚಿಕ್ಕದು, ಮುಂದೆ ತೋಟವಿಲ್ಲ, ಬಣ್ಣವೂ ಹಳೆಯದು. ನಮ್ಮ ಹುಡುಗಿ ಗಂಡನ ಕೈಗೆ ಟೇಪಿನ ತುದಿ ಕೊಟ್ಟು, ಅಜ್ಜಿ ತೋರಿಸಿದ ಗುರುತಿನ ಮಟ್ಟದಿಂದ ಈ ಮನೆಯ ಹೊಸ್ತಿಲು ಎಷ್ಟು ಮೇಲಿದೆ ಎಂದು ಬೀದಿಯುದ್ದಕ್ಕೂ ಅಳೆಯುತ್ತಾ ಬಂದಳು. ಏಳೂವರೆ ಅಡಿ. ಅಂದೇ ಸಂಜೆ ಮುಂಗಡ ಕೊಟ್ಟೆವು.